ಆದಿಲಕ್ಷ್ಮಿಯ ಪಾಲಿನ ಸ್ಕೂಟರ್

ನಮ್ಮ ಎದುರುಮನೆಯ ಆದಿಲಕ್ಷ್ಮಿಗೆ ಮೂಗಿನ ತುದಿಯಲ್ಲೇ ಕೋಪ. ಪೋಲಿಯೊ ಅವಳ ಒಂದು ಕಾಲನ್ನು ಕಿತ್ತುಕೊಂಡಿತು, ನಾಲಿಗೆಯನ್ನು ಮಾತ್ರ ಮುಟ್ಟಲಿಲ್ಲ. ಹಲಸೂರಿನ ಈ ಗಲ್ಲಿಯಿಂದ ದಿನಾ ಶಿವಾಜಿನಗರದ ಅಂಗಡಿಗೆ ಹೋಗಿ ರವಿಕೆ ಹೊಲಿಯುತ್ತಾಳೆ. ಊರುಗೋಲು ಊರಿಕೊಂಡು ಆಟೋ ಸಿಗುವ ರಸ್ತೆ ಮುಟ್ಟುವಷ್ಟರಲ್ಲೇ ಬೆವರಿಳಿದಿರುತ್ತಿತ್ತು. ಈಚೆಗೆ ಭುಜವೂ ಕೈಕೊಟ್ಟಿತು. ರಜ ಹೆಚ್ಚಾಯಿತು, ಬೇರೆ ಯಾರನ್ನಾದರೂ ನೋಡ್ಕೋತೀನಿ ಎಂದು ಅಂಗಡಿಯವನು ಹೇಳಿಯೂಬಿಟ್ಟ.

ನಗರದ ಬಜೆಟ್ಟಿನಲ್ಲಿ ನೂರಕ್ಕೆ ಐದರಷ್ಟು ಅಂಗವಿಕಲರಿಗೆಂದೇ ಮೀಸಲು. ಅದರಲ್ಲಿ ಮೂರು ಚಕ್ರದ ಸ್ಕೂಟರ್ ಕೊಡುತ್ತಾರೆಂದು ತಿಳಿದು ವಾರ್ಡ್ ಕಚೇರಿಗೆ ಅರ್ಜಿ ಹಾಕಿದಳು. ಮನೆ ನಮ್ಮ ವಾರ್ಡಿನಲ್ಲಿಲ್ಲ ಎಂದು ಅರ್ಜಿ ವಾಪಸ್ ಬಂತು. ಎರಡು ವಾರ್ಡುಗಳ ಗಡಿ ನಮ್ಮ ಗಲ್ಲಿಯ ನಡುವೆಯೇ ಹಾದುಹೋಗುತ್ತದೆ. ಪಕ್ಕದ ವಾರ್ಡಿನವರೂ ನಮ್ಮದಲ್ಲ ಎಂದರು. ವೋಟು ಕೇಳುವಾಗ ಮಾತ್ರ ಎರಡೂ ಕಡೆಯವರು ಅವಳ ಬಾಗಿಲಿಗೆ ಬಂದು ಕೈಮುಗಿಯುತ್ತಾರೆ!

"ನಾನೇನು ಭಿಕ್ಷೆ ಕೇಳ್ತಿದ್ದೀನಾ? ನನ್ನ ಪಾಲು ಕೇಳ್ತಿದ್ದೀನಿ" ಎಂದು ಕೇಸು ಹಾಕಿದಳು. ಮನೆ ತಮ್ಮ ವಾರ್ಡಿನದೇ ಎಂದು ಆ ಕಚೇರಿಯವರೇ ಬರೆದ ಒಂದು ಕಾಗದವಿದ್ದರೆ ಮುಂದಿನ ವಿಚಾರಣೆಗೆ ತನ್ನಿ ಎಂದರು ನ್ಯಾಯಾಧೀಶರು. ಮನೆಯ ಟ್ರಂಕನ್ನೆಲ್ಲ ತಡಕಿದಳು. ಸಿಗಲಿಲ್ಲ. ಅವಳು ಮೊದಲ ಸಲ ಯಾರನ್ನೂ ಬಯ್ಯದೆ ಟ್ರಂಕು ಮುಚ್ಚಿದ್ದನ್ನು ನೋಡಿ ನನಗೆ ಭಯವಾಯಿತು.

ನಮ್ಮ ಗಲ್ಲಿಯ ಪೌರಕಾರ್ಮಿಕೆ ಆಂಜನಮ್ಮ. ಐದು ವರ್ಷದ ಹಿಂದೆ, ಕಸವನ್ನು ಗಲ್ಲಿಯ ತುದಿಗೇ ತಂದುಕೊಡಿ ಎಂದದ್ದಕ್ಕೆ ಆದಿಲಕ್ಷ್ಮಿ ಕೆಂಡವಾಗಿ ಅದೇ ವಾರ್ಡ್ ಕಚೇರಿಗೆ ದೂರು ಕೊಟ್ಟಿದ್ದಳು. ಅಂದಿನಿಂದ ಆಂಜನಮ್ಮ ಬಾಗಿಲಿಗೇ ಬಂದು ಬಕೆಟ್ ಎತ್ತಿಕೊಳ್ಳುತ್ತಾಳೆ, ಖಾಲಿ ಮಾಡಿ ಇಡುತ್ತಾಳೆ. ಇಬ್ಬರ ನಡುವೆ ಒಂದು ಮಾತಿಲ್ಲ.

ನನ್ನ ಬಾಯಿ ಸುಮ್ಮನಿರುವುದಲ್ಲ. ಕೇಸಿನ ಕಥೆಯನ್ನೆಲ್ಲ ಆಂಜನಮ್ಮನಿಗೆ ಹೇಳಿಬಿಟ್ಟೆ. ಮರುದಿನ ಬೆಳಿಗ್ಗೆ ಅವಳು ಪ್ಲಾಸ್ಟಿಕ್ ಕವರಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಆದಿಲಕ್ಷ್ಮಿಯ ಕೈಗಿಟ್ಟಳು. ಅಂದಿನ ದೂರಿನ ಮೇಲೆ ಕಚೇರಿಯಿಂದ ಆಂಜನಮ್ಮನಿಗೆ ಬಂದಿದ್ದ ನೋಟಿಸು. 'ನಮ್ಮ ವಾರ್ಡಿನ ನಿವಾಸಿ ಆದಿಲಕ್ಷ್ಮಿಯವರ ಮನೆಯ ಕಸ ತೆಗೆಯದಿರುವುದಕ್ಕೆ ಕಾರಣ ಕೊಡಿ' ಎಂದಿತ್ತು. ಕೆಳಗೆ ಕಚೇರಿಯ ಸೀಲು, ಸಹಿ.

ಆದಿಲಕ್ಷ್ಮಿ ತಲೆ ತಗ್ಗಿಸಿದಳು. "ಅಕ್ಕಾ, ನಿಮ್ಮ ಮೇಲೆ ದೂರು ಕೊಟ್ಟೋಳೇ ನಾನು."

"ಗೊತ್ತಮ್ಮ. ಕೊಟ್ಟಿದ್ದಕ್ಕೇ ತಾನೇ ಈ ಕಾಗದ ಇರೋದು? ಕೆಲಸ ಹೋಗುತ್ತೇನೋ ಅಂತ ಹೆದರ್ಕೊಂಡು ಎತ್ತಿಟ್ಟಿದ್ದೆ."

ಮುಂದಿನ ವಿಚಾರಣೆಯಲ್ಲಿ ಆದಿಲಕ್ಷ್ಮಿ ಆ ಕಾಗದವನ್ನು ನ್ಯಾಯಾಧೀಶರ ಮುಂದಿಟ್ಟಳು. ಎರಡು ತಿಂಗಳೊಳಗೆ ಸ್ಕೂಟರ್ ಕೊಡಬೇಕೆಂದು ಆದೇಶವಾಯಿತು. ಕೊಟ್ಟರು. ನನಗಂತೂ ಹೋದ ಜೀವ ಬಂದಂತಾಯಿತು.

ಸ್ಕೂಟರ್ ಬಂದ ಮರುದಿನ ಆದಿಲಕ್ಷ್ಮಿ ಕಸದ ಬಕೆಟ್ಟನ್ನು ಕಾಲ ಬಳಿ ಇಟ್ಟುಕೊಂಡು ಗಲ್ಲಿಯ ತುದಿಗೆ ಹೊರಟಳು. ಕಸದ ಆಟೋ ಪಕ್ಕ ಆಂಜನಮ್ಮ ನಿಂತಿದ್ದಳು.

"ಇನ್ನು ಒಳಗೆ ಬರ್ಬೇಡಿ ಅಕ್ಕಾ, ನಾನೇ ತಂದ್ಕೊಡ್ತೀನಿ."

"ಅಯ್ಯೋ ಬೇಡಮ್ಮ, ಇನ್ನೊಂದು ನೋಟಿಸ್ ಬಂದ್ಬಿಡುತ್ತೆ" ಎಂದು ಆಂಜನಮ್ಮ ನಗುತ್ತಲೇ ಬಕೆಟ್ ಇಸಿದುಕೊಂಡಳು.