ಶಾಂತಮ್ಮನ ಮಾಳಿಗೆ ಹತ್ತಿದ ಮೇಲೆ

“ಖಾಲಿ ಅದ ಅಂತ ಯಾರ್ ಹೇಳ್ಯಾರ್ರಿ ನಿಮಗ? ಮ್ಯಾಲ ಬರ್ರಿ!” ಎನ್ನುತ್ತ ಶಾಂತಮ್ಮ ನನ್ನ ಕೈಯಲ್ಲಿದ್ದ ಕರಪತ್ರದ ಕರಡು ಕಸಿದುಕೊಂಡು ಮೆಟ್ಟಿಲು ಹತ್ತಿಯೇಬಿಟ್ಟರು. ಮನೆಮನೆಯ ಸೌರವಿದ್ಯುತ್ತಿನ ಬಗ್ಗೆ ನಾನು ಬರೆದದ್ದನ್ನು ಅಚ್ಚಿಗೆ ಕೊಡುವ ಮುನ್ನ ಚಿತ್ತಾಪುರದ ಅವರ ಓಣಿಯ ಜನರಿಗೆ ಓದಿ ಹೇಳುತ್ತಿದ್ದೆ. ‘ಖಾಲಿ ಬಿದ್ದಿರುವ ನಿಮ್ಮ ಮಾಳಿಗೆ’ ಎಂದೇ ಅದರ ಮೊದಲ ಸಾಲು.

ಮೇಲೆ ಕಾಲಿಡಲು ಜಾಗವಿರಲಿಲ್ಲ. ನೆಲಕ್ಕೆ ಹಾಸಿದ ಫರಸಿ ಕಲ್ಲಿನ ತುಂಬ ತೊಗರಿಬೇಳೆ, ಕೆಂಪು ಮೆಣಸಿನಕಾಯಿ, ಹಳೆ ಸೀರೆಯ ಮೇಲೆ ಸಂಡಿಗೆ. ಕಾಗೆ ಓಡಿಸಲು ಅವರು ಕೂರುವ ಮಣೆ, ಹರಿದ ಛತ್ರಿ ಮೂಲೆಯಲ್ಲಿದ್ದವು. ನಾನು ಪೆಚ್ಚಾದೆ. ಶಾಂತಮ್ಮ ನಕ್ಕುಬಿಟ್ಟರು.

“ನಿಮ್ಮ ಸೋಲಾರ್ ನಾ ಕೂಡೋ ಈ ಮಣಿ ಮ್ಯಾಲ, ತಲಿಗಿಂತ ಎತ್ತರಕ್ಕ ಕೂಡಸ್ರಿ, ಸರ. ಕರೆಂಟೂ ಬರ್ತದ, ನನಗ ನೆರಳೂ ಆಗ್ತದ.”

ಮೊದಲ ಸಾಲನ್ನು ಅಲ್ಲೇ ಹೊಡೆದುಹಾಕಿದೆ. ಈಗ ಏನೇ ಬರೆದರೂ ಮೊದಲು ಯಾರದಾದರೂ ಮಾಳಿಗೆ ಹತ್ತಿ ಬರುತ್ತೇನೆ.