ತೆಂಡಾಯಿ ಅಂಕಲ್ ಕೆತ್ತಿದ ತಾಯಿ

ಬಿಸಿ ಕಲ್ಲಿಗೆ ಮೇಣ ತಿಕ್ಕಿದಾಗ ಏಳುವ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಮೊನ್ನೆ ಸ್ಟ್ರಾಟ್‌ಫರ್ಡ್‌ನ ಮಾಲ್‌ನಲ್ಲಿ ಯಾರೋ ಮೇಣದಬತ್ತಿ ಹಚ್ಚಿಟ್ಟುಕೊಂಡು ಮಾರುತ್ತಿದ್ದರು. ಅದು ಮೂಗಿಗೆ ಬಡಿದದ್ದೇ ತಡ, ನಾನು ಕ್ವೀನ್ಸ್‌ಬರಿಯ ನಮ್ಮ ಹಳೆ ಮನೆಯ ಹಿತ್ತಲಲ್ಲಿದ್ದೆ. ಅಲ್ಲಿನ ಶೆಡ್ಡಿನಲ್ಲಿ ತೆಂಡಾಯಿ ಅಂಕಲ್ ಕಲ್ಲು ಕೆತ್ತಿ, ಬೆಂಕಿಯಲ್ಲಿ ಕಾಯಿಸಿ, ಮೇಣ ತಿಕ್ಕಿ ಹೊಳಪೇರಿಸುತ್ತಿದ್ದರು. ಜಿಂಬಾಬ್ವೆಯ ಶೋನಾ ಜನಾಂಗದವರು. ನಮ್ಮ ಮಹಡಿ ಕೋಣೆಯ ಬಾಡಿಗೆದಾರ, ಅಪ್ಪ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ರೋಗಿಗಳ ಗಾಲಿಮಂಚ ತಳ್ಳುವ ಪೋರ್ಟರ್. ಧಾರವಾಡದಿಂದ ಬಂದ ನಮ್ಮಜ್ಜಿಯನ್ನು ‘ಅಂಬುಯಾ’ ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಅಜ್ಜಿ ಅಂತಲೇ ಅರ್ಥ. ಅಜ್ಜಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ನಡುವೆ ದುಭಾಷಿ ನಾನು. ಇವರಿಬ್ಬರ ಹರಟೆಯಲ್ಲಿ ನನ್ನ ಹೋಂವರ್ಕ್ ಹಾಳಾಗುತ್ತಿತ್ತು.

ಪ್ರತಿ ಕಲ್ಲಿನೊಳಗೂ ಒಂದು ಆತ್ಮ ಇರುತ್ತದೆ, ತಾನು ಏನಾಗಬೇಕೆಂದು ಅದೇ ಹೇಳುತ್ತದೆ ಎಂಬುದು ಅಂಕಲ್ ನಂಬಿಕೆ. ಉಳಿ ಹಿಡಿಯುವ ಮುಂಚೆ ಎಷ್ಟೋ ದಿನ ಕಲ್ಲಿನೆದುರು ಸುಮ್ಮನೆ ಕೂರುತ್ತಿದ್ದರು. “ಕಲ್ಲಾಗ ದೇವ್ರು ಇರೂದು ನಮಗ ಹೇಳಾಕ ಬಂದಾನ ನೋಡು” ಎಂದು ಅಜ್ಜಿ ನಗುತ್ತಿದ್ದರು. ಒಂದು ವರ್ಷ ಜಿಂಬಾಬ್ವೆಯ ಊರಿನಲ್ಲಿ ಅಂಕಲ್‌ರ ತಾಯಿ ತೀರಿಕೊಂಡರು. ವೀಸಾ ಇತ್ಯರ್ಥವಾಗಿರಲಿಲ್ಲ, ಒಮ್ಮೆ ದೇಶ ಬಿಟ್ಟರೆ ಮರಳಿ ಬರುವಂತಿರಲಿಲ್ಲ, ಊರಿನ ಸಂಸಾರ ನಡೆಯುತ್ತಿದ್ದುದೇ ಇವರ ದುಡಿಮೆಯಿಂದ. ಹೆತ್ತವ್ವನ ಮಣ್ಣಿಗೆ ಹೋಗಲಾಗಲಿಲ್ಲ. ಅದಕ್ಕಿಂತ ದೊಡ್ಡ ಸಂಕಟ ಮುಂದಿತ್ತು. ಅವರಲ್ಲಿ ಸತ್ತವರ ಆತ್ಮ ಅಲೆಯುತ್ತಿರುತ್ತದಂತೆ. ವರ್ಷ ತುಂಬಿದ ಮೇಲೆ ಮಕ್ಕಳು ಸಮಾಧಿಯ ಬಳಿ ನಿಂತು ಕರೆದು ಮನೆಗೆ ತಂದುಕೊಂಡರೆ ಮಾತ್ರ ಅದು ಹಿರಿಯರ ಸಾಲಿಗೆ ಸೇರಿ ಮನೆ ಕಾಯುವುದು. ಹಿರಿಯ ಮಗನಾದ ಅಂಕಲ್ ಬರಲೆಂದು ಊರಿನಲ್ಲಿದ್ದ ಅವರ ತಮ್ಮ ಕಾಯುತ್ತಲೇ ಇದ್ದರು. ವರ್ಷ ತುಂಬಿತು, ಇನ್ನೊಂದೂ ಉರುಳಿತು. ಶೆಡ್ಡಿನ ಕರಿಗಲ್ಲಿನಲ್ಲಿ ಆ ತಾಯಿಯ ಮುಖ ಮೂಡತೊಡಗಿತು.

ಮಹಾಲಯ ಅಮಾವಾಸ್ಯೆಯ ದಿನ ಅಜ್ಜಿ ತಡೆಯಲಾರದೆ ಆ ಮುಖಕ್ಕೆ ಎಣ್ಣೆ ಹಚ್ಚಿ, ಕುಂಕುಮವಿಟ್ಟು, ಮುಂದೆ ಹೋಳಿಗೆಯ ಎಡೆ ಇಟ್ಟರು. “ಬಾರವ್ವಾ, ಉಂಡು ಹೋಗು” ಎಂದು ಕರೆದರು ಕೂಡ. ಡ್ಯೂಟಿ ಮುಗಿಸಿ ಬಂದ ಅಂಕಲ್‌ಗೆ ಅಜ್ಜಿ ಕರೆದದ್ದನ್ನು ನಾನು ಹೇಳಿದಾಗ ಅವರು ಬಾಗಿಲಿನಿಂದಲೇ ಕೈಯೆತ್ತಿ ತಡೆದರು. “ಇಲ್ಲಿಗೆ ಕರೆಯಬೇಡಿ ಅಂಬುಯಾ. ಈ ಊರು ಅವಳಿಗೆ ಗೊತ್ತಿಲ್ಲ, ದಾರಿ ತಪ್ಪುತ್ತಾಳೆ. ಅವಳ ಅಂಗಳಕ್ಕೇ ಕರೆಯಬೇಕು. ನಾನೇ ಕರೆಯಬೇಕು.” ನಾನು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅಜ್ಜಿ ಗಾಬರಿಯಿಂದ ಸೆರಗು ಹಿಡಿದು ಕುಂಕುಮ ಒರೆಸಿದರು. ಎಣ್ಣೆ ಕುಡಿದ ಕಲ್ಲು ಕೆಂಪು ಬಿಡಲಿಲ್ಲ. ಸಟನ್‌ನ ನನ್ನ ಫ್ಲಾಟಿನಲ್ಲಿರುವ ಆ ಮುಖದ ಹಣೆ ಇವತ್ತಿಗೂ ಕೆಂಪಗಿದೆ. ಅಂಕಲ್ ಕೊನೆಗೆ ಅಜ್ಜಿಯ ಕೈ ಹಿಡಿದು ನಿಲ್ಲಿಸಿದರು. ಆಮೇಲೆ ಇಬ್ಬರೂ ಹೋಳಿಗೆ ಮುರಿದುಕೊಂಡು ತಿಂದರು.

ಆ ಚಳಿಗಾಲದಲ್ಲೇ ಎದೆನೋವೆಂದು ಮಲಗಿದ ಅಂಕಲ್ ಮೇಲೇಳಲಿಲ್ಲ. ಇಲ್ಲೇ ಮಣ್ಣು ಮಾಡಿದೆವು. ದೂರದಲ್ಲಿ ಸತ್ತವರ ಸಮಾಧಿಯಿಂದ ಹಿಡಿ ಮಣ್ಣು ಒಯ್ದರೂ ಆತ್ಮ ಮನೆಗೆ ಬರುತ್ತದೆಂದು ಅವರ ತಮ್ಮ ಫೋನಿನಲ್ಲಿ ಹೇಳಿದರು. “ನಾನೇ ತಂದುಕೊಡ್ತೀನಿ” ಎಂದರು ಅಪ್ಪ. ಅದು ಆಗುವುದಿಲ್ಲ, ಒಡಹುಟ್ಟಿದವನೇ ಬಂದು ಕರೆಯಬೇಕು, ಅಣ್ಣನನ್ನು ಬಿಟ್ಟು ಅವ್ವನನ್ನಾದರೂ ಹೇಗೆ ಕರೆಯಲಿ ಎಂದು ಆ ಮನುಷ್ಯ ಅತ್ತರು. ಅವರಿಗೆ ವೀಸಾ ಸಿಗಲಿಲ್ಲ. ಮತ್ತೆ ಅರ್ಜಿ ಹಾಕಿದಾಗಲೂ ಸಿಗಲಿಲ್ಲ.

“ಹಂಗಾರ ತಾಯಿ ಮಗ ಇಬ್ರೂ ಇನ್ನೂ ಹಾದಿ ಮ್ಯಾಲೇ ಅದಾರೇನೋ?” ಎಂದು ಅಜ್ಜಿ ಅಪ್ಪನನ್ನು ಕೇಳಿದರು. ಈಗ ಅಜ್ಜಿಯೂ ಅಪ್ಪನೂ ಇಲ್ಲ, ಆ ಮನೆಯೂ ಬೇರೆಯವರದು. ಅಂಕಲ್ ಸಮಾಧಿಗೆ ನಾನು ಆಗಾಗ ಹೋಗುತ್ತೇನೆ. ‘ಬನ್ನಿ ಅಂಕಲ್, ಹೋಗೋಣ’ ಎಂದು ಬಾಯಿಗೆ ಬರುತ್ತದೆ. ಕರೆಯುವ ಹಕ್ಕು ನನಗಿಲ್ಲ. ಹೂವಿಟ್ಟು ಸುಮ್ಮನೆ ಬರುತ್ತೇನೆ.