ನೀರಿನ ಗಾಡಿಗೆ ಎಷ್ಟು ಗೆರೆ

ಎರಡನೇ ತರಗತಿಯ ಮಕ್ಕಳು ತಮ್ಮ ಟೀಚರಿಗೆ ಗೆರೆ ಮಿಸ್ ಅಂತ ಹೆಸರಿಟ್ಟಿದ್ದವು. ಇಡದೆ ಏನು ಮಾಡ್ಯಾವು? ಯಾರ ಹಲ್ಲು ಬಿದ್ದಿದೆ, ಯಾರದು ಅಲ್ಲಾಡುತ್ತಿದೆ, ಯಾರ ಶೂಗೆ ಲೇಸ್ ಇದೆ, ಯಾರದಕ್ಕೆ ಇಲ್ಲ, ಎಲ್ಲಕ್ಕೂ ಅವಳದು ಒಂದೇ ಪಾಠ. ಒಂದೊಂದಕ್ಕೂ ಒಂದು ಗೆರೆ ಹಾಕಿ ಎಣಿಸಿ, ನಾಲ್ಕು ಗೆರೆ ನಿಲ್ಲಿಸಿ, ಐದನೆಯದನ್ನು ಅಡ್ಡ ಮಲಗಿಸಿ. ಆಮೇಲೆ ಚಾರ್ಟಿನ ಮೇಲೆ ಬಣ್ಣದ ಚೌಕಗಳನ್ನು ಒಂದರ ಮೇಲೊಂದು ಅಂಟಿಸಿ ಗ್ರಾಫ್ ಮಾಡಿ.

‘‘ಎಲ್ಲಾ ಕಂಬನೂ ಒಂದೇ ನೆಲದಿಂದ ಏಳಬೇಕು. ಒಬ್ಬ ಸ್ಟೂಲ್ ಹತ್ತಿ ನಿಂತು ನಾನೇ ಎತ್ತರ ಅಂದ್ರೆ ಒಪ್ತೀರಾ?’’ ಅನ್ನುತ್ತಿದ್ದಳು. ಮಕ್ಕಳು ಕಿಸಕ್ಕನೆ ನಗುತ್ತಿದ್ದವು.

ಚಾರ್ಟ್ ಕಾಗದಕ್ಕೆ ಅವಳೆಂದೂ ಶಾಲೆಯ ಕಡೆ ನೋಡಿದವಳಲ್ಲ. ಗಂಡ ದೊಡ್ಡದೊಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಸೂಪರ್‌ವೈಸರ್. ಕತ್ತರಿಸಿ ಉಳಿದ ದಪ್ಪ ಹಾಳೆಗಳನ್ನು ಸುರುಳಿ ಸುತ್ತಿ ತಂದುಕೊಡುತ್ತಿದ್ದ. ‘‘ನಮ್ಮವರ ಪ್ರೆಸ್ಸಿಂದು’’ ಅಂತ ಸ್ಟಾಫ್‌ರೂಮಿನಲ್ಲಿ ಆ ಸುರುಳಿ ಬಿಚ್ಚುವಾಗ ಅವಳ ದನಿಯೇ ಬೇರೆಯಾಗುತ್ತಿತ್ತು. ಈಚೆಗೆ ಕೆಲವು ತಿಂಗಳಿಂದ ಅವನು ಹಾಳೆ ತಂದಿರಲಿಲ್ಲ. ಕೇಳಿದರೆ, ‘‘ಈಗೆಲ್ಲ ತೂಕಕ್ಕೆ ಮಾರ್ತಾರೆ ಕಣೆ’’ ಅಂದಿದ್ದ. ಅವಳು ಅದನ್ನು ಹೆಚ್ಚು ಕೆದಕಲಿಲ್ಲ.

ಆ ವಾರ ಅವಳು ಮಕ್ಕಳನ್ನು ಗೇಟಿನ ಹತ್ತಿರ ಕೂರಿಸಿ ಬೀದಿಯಲ್ಲಿ ಹೋಗುವ ಗಾಡಿ ಎಣಿಸಲು ಹೇಳಿದ್ದಳು. ಸೈಕಲ್ಲು ಒಂದು ಗುಂಪಿಗೆ, ಸ್ಕೂಟರು ಇನ್ನೊಂದಕ್ಕೆ, ಮೂರು ಚಕ್ರದ್ದು ಮತ್ತೊಂದಕ್ಕೆ. ಮೊದಲ ದಿನ ಮಕ್ಕಳ ಜೊತೆ ಗೇಟಿನಲ್ಲಿ ಶಾಲೆಯ ಆಯಾ ಇದ್ದಳು, ಗೆರೆ ಮಿಸ್ ಒಳಗೆ ಉಳಿದವರಿಗೆ ಚೌಕ ಕತ್ತರಿಸಿಕೊಡುತ್ತಿದ್ದಳು. ಮುಂದಿನ ಎರಡು ಹಲ್ಲೂ ಇಲ್ಲದ ಹುಡುಗಿಯೊಬ್ಬಳು ಏದುಸಿರು ಬಿಡುತ್ತಾ ಓಡಿ ಬಂದಳು.

‘‘ಮಿಸ್, ನೀರಿನ ಅಂಕಲ್ ಹೋದೋರೇ ಮತ್ತೆ ಮತ್ತೆ ಬರ್ತಾರೆ. ಅವರಿಗೆ ಒಂದೇ ಗೆರೆನಾ, ಬಂದಾಗೆಲ್ಲ ಒಂದೊಂದಾ?’’

ಇಂಥ ಪ್ರಶ್ನೆ ಬಂದರೆ ಅವಳಿಗೆ ಹಬ್ಬದೂಟ. ಇಡೀ ತರಗತಿಯನ್ನು ಕೂರಿಸಿಕೊಂಡು ವಾದ ಮಾಡಿಸಿದಳು. ನಾವು ಎಣಿಸುತ್ತಿರುವುದು ಮನುಷ್ಯರನ್ನಲ್ಲ, ಗಾಡಿ ಹಾದುಹೋದದ್ದನ್ನು. ಬಂದಾಗೆಲ್ಲ ಒಂದು ಗೆರೆ ಎಂದು ಕೊನೆಗೆ ಮಕ್ಕಳೇ ಹೇಳಿದವು. ನೀರಿನ ಅಂಕಲ್ ಮೂರು ಚಕ್ರದ ಗಾಡಿಯಲ್ಲಿ ನೀರಿನ ದೊಡ್ಡ ಕ್ಯಾನುಗಳನ್ನು ಅಂಗಡಿಗಳಿಗೆ ಹಾಕುವವನಂತೆ. ಹೋಗುವಾಗಲೂ ಬರುವಾಗಲೂ ಮಕ್ಕಳಿಗೆ ಪೊಂ ಪೊಂ ಅನ್ನಿಸುತ್ತಾನಂತೆ. ಆ ದಿನ ಮೂರು ಚಕ್ರದ ಕಂಬ ಎಲ್ಲಕ್ಕಿಂತ ಎತ್ತರಕ್ಕೆ ಹೋಯಿತು.

ಎರಡನೇ ದಿನ ಅವಳೇ ಗೇಟಿಗೆ ಬಂದಳು. ನೋಡಲು ಹೆಡ್‌ಮಿಸ್ ಕೂಡ ಬಂದು ಪಕ್ಕದಲ್ಲಿ ನಿಂತರು. ತಿರುವಿನಲ್ಲಿ ಪೊಂ ಪೊಂ ಕೇಳಿಸಿದ್ದೇ ತಡ, ಮಕ್ಕಳು ಗೇಟಿನ ಸರಳಿಗೆ ಜೋತುಬಿದ್ದು, ‘‘ಅಂಕಲ್, ನಿಲ್ಸಿ, ನಿಲ್ಸಿ! ದಿನಾ ಎಷ್ಟು ಸುತ್ತು ಹಾಕ್ತೀರಾ?’’ ಎಂದು ಕೂಗಿದವು.

ಗಾಡಿ ನಿಂತಿತು. ಹ್ಯಾಂಡಲ್ ಹಿಡಿದಿದ್ದವನು ಅವಳ ಗಂಡ.

ನೆಲ ಒರೆಸಲೆಂದು ಅವಳೇ ಮೂಲೆಗೆಸೆದಿದ್ದ ಹಳೇ ಟೀ ಶರ್ಟು ಅವನ ಮೈಮೇಲಿತ್ತು, ಎದೆಯವರೆಗೆ ಒದ್ದೆಯಾಗಿತ್ತು. ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಟವನು! ಅವನೂ ನೋಡಿದ. ಬಾಯಿ ಅರ್ಧ ತೆರೆದು, ಅವಳೇನು ಹೇಳುತ್ತಾಳೋ ಎಂದು ಕಾದ. ಹೆಡ್‌ಮಿಸ್ ಅವಳ ಮುಖ ನೋಡಿದರು. ಅವಳ ಬಾಯಿಂದ ಮಾತು ತಾನಾಗಿ ಹೊರಬಿತ್ತು.

‘‘ಮುಂದೆ ನಡೀರಿ ಸಾರ್. ಮಕ್ಕಳು ಪಾಠದಲ್ಲಿದಾರೆ.’’

‘‘ಸರಿ ಮೇಡಂ’’ ಅಂದ ಅವನು. ಗಾಡಿ ಹೊರಟಿತು.

‘‘ಒಂದು ಗೆರೆ ಹಾಕಮ್ಮ’’ ಎಂದಳು ಹುಡುಗಿಗೆ. ಕಿವಿ ಕಾದ ಬಾಣಲೆಯಂತೆ ಸುಡುತ್ತಿತ್ತು. ಹೆಡ್‌ಮಿಸ್‌ಗೆ ಏನೂ ಗೊತ್ತಾಗಲಿಲ್ಲ ಎಂದು ಮೊದಲು ಒಂದು ಕ್ಷಣ ನೆಮ್ಮದಿಯಾಯಿತು. ಆ ನೆಮ್ಮದಿಯನ್ನು ನೆನೆದರೆ ಆಮೇಲೆ ಅವಳಿಗೆ ತನ್ನ ಮೇಲೇ ಹೇಸಿಗೆ.

ಗಾಡಿ ಮತ್ತೆ ಆ ಬೀದಿಗೆ ಬರಲಿಲ್ಲ. ಎರಡು ದಿನದ ಗ್ರಾಫ್ ಅಕ್ಕಪಕ್ಕ ಅಂಟಿಸಿದಾಗ ಮೊದಲ ದಿನದ ಎತ್ತರದ ಕಂಬ ಎರಡನೇ ದಿನ ಕುಸಿದು ಕೂತಿತ್ತು. ಕಂಬ ಬಿದ್ದರೆ ಯಾಕೆ ಬಿತ್ತು ಅಂತ ಕೇಳಬೇಕು ಎಂದು ಕಲಿಸಿದ್ದವಳು ಅವಳೇ. ಮಕ್ಕಳು ಕೇಳಿದವು. ‘‘ಗಾಡಿ ಕೆಟ್ಟಿರಬೇಕು’’ ಅಂದಳು. ಹಲ್ಲಿಲ್ಲದ ಹುಡುಗಿ ಚಾರ್ಟಿನ ಕೆಳಗೆ ದುಂಡಗೆ ಬರೆದಳು: ಗಾಡಿ ಕೆಟ್ಟಿತ್ತು.

ಸಂಜೆ ಅವನು ಇಸ್ತ್ರಿ ಶರ್ಟಿನಲ್ಲೇ ಮನೆಗೆ ಬಂದು, ಕೈಕಾಲು ತೊಳೆದು, ಅಡುಗೆಮನೆಯ ಬಾಗಿಲಲ್ಲಿ ನಿಂತ. ಅವಳು ತಿರುಗದೆಯೇ ಕೇಳಿದಳು.

‘‘ಯಾವಾಗಿಂದ?’’

‘‘ಪ್ರೆಸ್ ಮುಚ್ಚಿ ಮೂರು ತಿಂಗಳಾಯ್ತು.’’

‘‘ನನಗೆ ಯಾಕೆ ಹೇಳಲಿಲ್ಲ?’’

‘‘ಇವತ್ತು ಹೇಳೋಣ, ನಾಳೆ ಹೇಳೋಣ ಅಂತಲೇ ಇದ್ದೆ. ಸ್ಟಾಫ್‌ರೂಮಲ್ಲಿ ನೀನು ನನ್ನ ಬಗ್ಗೆ ಹೇಳ್ಕೊಳ್ಳೋದು ಗೊತ್ತಲ್ಲ. ಬಾಯಿ ಬರಲಿಲ್ಲ.’’ ಸ್ವಲ್ಪ ತಡೆದು, ‘‘ನಿನ್ನ ಕ್ಲಾಸು ಹಿಂದುಗಡೆ, ಕಾಣಲ್ಲ ಅಂದ್ಕೊಂಡಿದ್ದೆ. ಇನ್ನು ಕೆರೆ ಕಡೆಯಿಂದ ಸುತ್ತಿ ಹೋಗ್ತೀನಿ, ಬಿಡು’’ ಅಂದ.

ಬೇಡ, ಅದೇ ಬೀದಿಯಲ್ಲಿ ಬನ್ನಿ ಅನ್ನಬೇಕಿತ್ತು. ಅವಳು ಸಾರಿಗೆ ಉಪ್ಪು ಹಾಕಿದಳು. ಅವನು ಬೈದಿದ್ದರೆ ಅವಳೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದಳೇನೋ. ಅವನು ಬೈಯಲಿಲ್ಲ, ತಟ್ಟೆ ಹಾಕಿದ.

ಆಮೇಲೆ ದಿನಾ ಆ ಗೋಡೆಯ ಎದುರೇ ಪಾಠ. ಗಾಡಿ ಕೆಟ್ಟಿತ್ತು, ಗಾಡಿ ಕೆಟ್ಟಿತ್ತು ಎಂದು ಚಾರ್ಟು ಅವಳನ್ನೇ ದಿಟ್ಟಿಸುತ್ತಿತ್ತು. ಹೆಡ್‌ಮಿಸ್ ಅದನ್ನು ಪೋಷಕರ ಸಭೆಗೆ ಹಾಲ್‌ನಲ್ಲಿ ನೇತುಹಾಕೋಣ ಅಂದ ದಿನ ಅವಳಿಗೆ ತಡೆಯಲಾಗಲಿಲ್ಲ. ತರಗತಿಗೆ ಹೋಗಿ ಮಕ್ಕಳ ಮುಂದೆ ಕುಕ್ಕರುಗಾಲಲ್ಲಿ ಕೂತಳು.

‘‘ನಾನು ಬರೆಸಿದ್ದು ಸುಳ್ಳು. ಗಾಡಿ ಕೆಟ್ಟಿರಲಿಲ್ಲ. ನೀರಿನ ಅಂಕಲ್ ನಮ್ಮನೆಯವರು. ನಾನು ಗುರುತೇ ಇಲ್ಲದವಳ ಹಾಗೆ ಮಾತಾಡಿದೆ. ಅದಕ್ಕೇ ಅವರು ಆ ಕಡೆ ಬರಲಿಲ್ಲ.’’

‘‘ಜಗಳ ಆಡಿದ್ರಾ ಮಿಸ್?’’ ಎಂದಿತು ಒಂದು ಮಗು.

‘‘ಇಲ್ಲಪ್ಪ. ನನಗೆ ನಾಚಿಕೆ ಆಗಿತ್ತು.’’

‘‘ಯಾಕೆ? ಅವರು ಹಾರ್ನ್ ಹೊಡೀತಿದ್ರಲ್ಲ!’’ ಎಂದಳು ಹಲ್ಲಿಲ್ಲದ ಹುಡುಗಿ, ಅಷ್ಟು ಒಳ್ಳೆಯವರ ಬಗ್ಗೆ ನಾಚಿಕೆ ಯಾಕೆ ಎಂಬಂತೆ. ಮಿಸ್ ಅವಳ ಕೈಗೆ ರಬ್ಬರ್ ಕೊಟ್ಟಳು. ಹುಡುಗಿ ‘ಗಾಡಿ ಕೆಟ್ಟಿತ್ತು’ ಅನ್ನುವುದನ್ನು ಉಜ್ಜಿ ಉಜ್ಜಿ ಚಾರ್ಟನ್ನೇ ಹರಿದಳು.

ಆ ಸಂಜೆ ಅವಳೇ ಗಂಡನಿಗೆ ಹೇಳಿದಳು, ಶಾಲೆಯ ಬೀದಿಯಲ್ಲೇ ಬನ್ನಿ ಅಂತ. ‘‘ನೋಡೋಣ’’ ಅಂದ. ವಾರ ಕಳೆದ ಮೇಲೆ, ಮಕ್ಕಳು ಗೇಟಿನ ಹತ್ತಿರ ಆಡುತ್ತಿದ್ದಾಗ ಬಂದ. ಹಾರ್ನ್ ಮಾಡಲಿಲ್ಲ. ಮಕ್ಕಳು ಕಿರುಚಿಕೊಂಡವು. ಅವಳು ಗೇಟು ತೆಗೆದು ರಸ್ತೆಗೇ ಬಂದು ನಿಂತಳು. ಅವನು ಗಾಡಿ ನಿಧಾನ ಮಾಡಿ, ಅವಳನ್ನೊಮ್ಮೆ ನೋಡಿ, ಮುಂದೆ ಹೋದ.

‘‘ಯಾರದು?’’ ಎಂದರು ಗೇಟಿನಲ್ಲಿ ನಿಂತಿದ್ದ ಹೆಡ್‌ಮಿಸ್.

‘‘ನಮ್ಮವರು. ನೀರಿನ ಕ್ಯಾನ್ ಹಾಕ್ತಾರೆ’’ ಅಂದಳು. ಹೇಳುವಾಗ ದನಿ ಸಣ್ಣದಾಯಿತು, ಮುಖಕ್ಕೆ ರಕ್ತ ನುಗ್ಗಿತು. ಇನ್ನೂ ಹೀಗೆ ನಾಚಿಕೆ ಆಗಬಾರದಿತ್ತು ಎಂದು ಅವಳಿಗೆ ಗೊತ್ತಿತ್ತು.